‘ನಮ್ಮ ಯಜಮಾನರು ಸೈಕೋಪಾತ್ ಅಂತ ಬರೆದುಕೊಡ್ತೀರಾ ಡಾಕ್ಟರೇ?’

ಪ್ರಶ್ನೆ: ಮೇಡಂ, ನನಗೆ 35 ವರ್ಷ, ತುಮಕೂರು ಕಡೆಯವಳು, ಖಾಸಗಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ 12 ವರ್ಷ, 10 ವರ್ಷದ ಮಗ ಇದ್ದಾನೆ. ನಮ್ಮ ಯಜಮಾನರು ಹೊರಗಡೆ ಎಲ್ಲರ ಹತ್ತಿರ ನಗುನಗುತ್ತಾ ಮಾತಾಡುತ್ತಾರೆ, ಬೀದಿಯವರೆಲ್ಲ ‘ಎಂಥಾ ಒಳ್ಳೇ ಮನುಷ್ಯ’ ಅನ್ನುತ್ತಾರೆ. ಮನೆಯೊಳಗೆ ಬೇರೆಯೇ ಮನುಷ್ಯ. ನನ್ನ ಸಹಿ ತಾವೇ ಹಾಕಿ ನನ್ನ ಹೆಸರಲ್ಲಿ ಸಾಲ ಎತ್ತಿದ್ದಾರೆ. ಬಳೆ, ಸರ ಅಡ ಇಟ್ಟರು. ಕೇಳಿದರೆ ‘ನೀನೇ ತೆಗೆದುಕೊಟ್ಟೆಯಲ್ಲ’ ಅನ್ನುತ್ತಾರೆ, ನನಗೇ ಅನುಮಾನ ಬರುವಷ್ಟು ಗಟ್ಟಿಯಾಗಿ. ಎರಡು ಮೂರು ಸಲ ಕೈ ಮಾಡಿದ್ದಾರೆ, ಒಮ್ಮೆ ಕುತ್ತಿಗೆ ಹಿಡಿದರು. ಬೆಳಿಗ್ಗೆ ಎದ್ದು ಏನೂ ಆಗದವರ ಹಾಗೆ ಕಾಫಿ ಕೇಳಿದರು. ಮೊದಲು ಇಷ್ಟಿರಲಿಲ್ಲ, ನಾಲ್ಕು ವರ್ಷದಿಂದ ಫೋನಿನಲ್ಲಿ ರಮ್ಮಿ, ಜೊತೆಗೆ ಕುಡಿತ ಶುರುವಾದ ಮೇಲೆ ಜಾಸ್ತಿಯಾಯಿತು. ಅತ್ತೆ ಮಾತ್ರ ‘ಅವನು ಚಿಕ್ಕಂದಿನಿಂದಲೂ ತರಲೆ’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಒಂದು ವಿಡಿಯೋ ಕಳಿಸಿ ‘ಅಕ್ಕಾ, ಭಾವ ಪಕ್ಕಾ ಸೈಕೋಪಾತ್’ ಅಂದ. ನೆಟ್ಟಿನಲ್ಲಿ ಸಿಕ್ಕ ಟೆಸ್ಟ್ ಒಂದನ್ನು ಅವರ ಪರವಾಗಿ ನಾನೇ ತುಂಬಿದೆ. 40ಕ್ಕೆ 34 ಬಂತು. ಇವರು ಸೈಕೋಪಾತಾ, ಸೋಶಿಯೋಪಾತಾ? ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕುವ ಮಾತ್ರೆ ಏನಾದರೂ ಇದೆಯಾ? ಡಾಕ್ಟರು ‘ಸೈಕೋಪಾತ್’ ಅಂತ ಬರೆದುಕೊಟ್ಟರೆ ಡೈವೋರ್ಸ್ ಸುಲಭ ಅಂತ ವಕೀಲರೊಬ್ಬರು ಹೇಳಿದರು, ಬರೆದುಕೊಡ್ತೀರಾ? ಎಲ್ಲಕ್ಕಿಂತ ಭಯ ಮಗನದು. ಪರ್ಸಿನಿಂದ ದುಡ್ಡು ಕದಿಯುತ್ತಾನೆ, ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಾನೆ, ದೀಪಾವಳಿಯಲ್ಲಿ ನಾಯಿಮರಿ ಬಾಲಕ್ಕೆ ಪಟಾಕಿ ಕಟ್ಟಿದ. ಇವನೂ ಅಪ್ಪನ ಹಾಗೇ ಆಗ್ತಾನಾ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಕೇಳದೇ ಬಿಟ್ಟ ಒಂದು ವಿಷಯದಿಂದ ನಾನು ಶುರು ಮಾಡುತ್ತೇನೆ. ‘ಒಮ್ಮೆ ಕುತ್ತಿಗೆ ಹಿಡಿದರು’ ಅಂತ ಅರ್ಧ ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಎದೆ ಧಸಕ್ಕೆಂದದ್ದು ಅಲ್ಲೇ.

ಹೆಂಡತಿಯ ಕುತ್ತಿಗೆ ಒಮ್ಮೆ ಅಮುಕಿದ ಗಂಡಸಿನಿಂದ ಮುಂದೆ ಅವಳ ಜೀವಕ್ಕೇ ಅಪಾಯ ಬರುವ ಸಾಧ್ಯತೆ ಬಹಳ ಹೆಚ್ಚು. ಕೌಟುಂಬಿಕ ಹಿಂಸೆಯ ಬಗ್ಗೆ ಕೆಲಸ ಮಾಡುವ ಡಾಕ್ಟರುಗಳು, ಪೊಲೀಸರು ಎಲ್ಲರೂ ಇದನ್ನು ಕೆನ್ನೆಗೆ ಹೊಡೆಯುವುದಕ್ಕಿಂತ ಬೇರೆಯಾಗಿಯೇ ನೋಡುತ್ತಾರೆ. ಹೊರಗೆ ಗುರುತು ಇಲ್ಲದೇ ಒಳಗೆ ಪೆಟ್ಟಾಗಿರಬಹುದು. ಆಮೇಲೆ ದನಿ ಒಡೆದಿತ್ತಾ, ನುಂಗುವಾಗ ನೋವಿತ್ತಾ, ಕಣ್ಣು ಕತ್ತಲೆ ಬಂದಿತ್ತಾ, ನೆನಪು ಮಾಡಿಕೊಳ್ಳಿ. ಇನ್ನೊಮ್ಮೆ ಹಾಗೆ ಆದರೆ ಆ ರಾತ್ರಿಯೇ ಮಗನನ್ನು ಕರೆದುಕೊಂಡು ಮನೆಯಿಂದ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ನಡೆದ ಹಾಗೇ ಡಾಕ್ಟರಿಗೆ ಹೇಳಿ. ‘ಬಾತ್‌ರೂಮಿನಲ್ಲಿ ಜಾರಿ ಬಿದ್ದೆ’ ಅಂತ ಹೇಳಬೇಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಜಿಲ್ಲಾ ಕೇಂದ್ರದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇರುತ್ತದೆ, ಅಲ್ಲಿ ತಂಗಲು ಜಾಗ, ವೈದ್ಯಕೀಯ ತಪಾಸಣೆ, ಕಾನೂನು ಸಲಹೆ ಎಲ್ಲಕ್ಕೂ ದಾರಿ ಮಾಡಿಕೊಡುತ್ತಾರೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶ ಕೇಳುವುದಕ್ಕೆ, ಅದೇ ಮನೆಯಲ್ಲಿ ಇರುವ ಹಕ್ಕು ಕೇಳುವುದಕ್ಕೆ ನಿಮ್ಮ ಗಂಡನಿಗೆ ಯಾವ ಕಾಯಿಲೆಯೂ ಇರಬೇಕಾಗಿಲ್ಲ. ಅವರು ಏನು ಮಾಡಿದರು ಅನ್ನುವುದಷ್ಟೇ ಸಾಕು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ನಮ್ಮಲ್ಲಿಗೆ ಬರುವ ಎಷ್ಟೋ ಹೆಂಗಸರು ‘ಅವರಿಗೆ ಏನು ಕಾಯಿಲೆ ಅಂತ ಗೊತ್ತಾಗಲಿ, ಆಮೇಲೆ ನೋಡೋಣ’ ಅಂತ ವರ್ಷಗಟ್ಟಲೆ ಕಾಯುತ್ತಾ ಕೂರುತ್ತಾರೆ. ಹೆಸರು ಸಿಗುವ ತನಕ ಹೆಜ್ಜೆ ಇಡಬಾರದು ಅಂತ ಯಾರೂ ಹೇಳಿಲ್ಲ.

ಈಗ ಆ ಹೆಸರಿನ ವಿಷಯಕ್ಕೆ ಬರೋಣ.

ಸೈಕೋಪಾತ್, ಸೋಶಿಯೋಪಾತ್ ಎರಡೂ ಇವತ್ತು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವ ಕಾಯಿಲೆಯ ಹೆಸರುಗಳಲ್ಲ. ನಾವು ಬರೆಯುವುದು ‘ಆಂಟಿಸೋಶಿಯಲ್ ಪರ್ಸನಾಲಿಟಿ ಡಿಸಾರ್ಡರ್’, ಕನ್ನಡದಲ್ಲಿ ಸಮಾಜವಿರೋಧಿ ವ್ಯಕ್ತಿತ್ವ ದೋಷ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಇದೇ ‘ಡಿಸ್‌ಸೋಶಿಯಲ್’ ಅಂತ ಇತ್ತು. 2022ರಿಂದ ಜಾರಿಗೆ ಬಂದ ಹೊಸ ಪಟ್ಟಿ, ಅಂದರೆ ಐಸಿಡಿ-11, ಇಂಥ ಬಿಡಿಬಿಡಿ ಹೆಸರುಗಳನ್ನೇ ಹೆಚ್ಚುಕಡಿಮೆ ಕೈಬಿಟ್ಟಿದೆ. ವ್ಯಕ್ತಿತ್ವದ ತೊಂದರೆ ಎಷ್ಟು ತೀವ್ರ ಅಂತ ಮೊದಲು ನೋಡಿ, ಆಮೇಲೆ ಯಾವ ಗುಣ ಎದ್ದು ಕಾಣುತ್ತದೆ ಅಂತ ಬರೆಯುವ ಪದ್ಧತಿ ಅದರದು.

ಹಾಗಾದರೆ ಈ ಎರಡು ಪದ ಬಂದದ್ದೆಲ್ಲಿಂದ? 1888ರಲ್ಲಿ ಜರ್ಮನಿಯ ಕೋಖ್ ಎಂಬ ಮನೋವೈದ್ಯರು ‘ಸೈಕೋಪಥಿಕ್’ ಅನ್ನುವ ಮಾತನ್ನು ಬಳಕೆಗೆ ತಂದಾಗ ಅದರಲ್ಲಿ ಏನೇನೆಲ್ಲಾ ಸೇರಿತ್ತು ಅಂದರೆ, ಇವತ್ತು ನಾವು ಆತಂಕ, ಖಿನ್ನತೆ ಅನ್ನುವವರೂ ಅದರೊಳಗೇ ಬರುತ್ತಿದ್ದರು. 1930ರಲ್ಲಿ ಅಮೆರಿಕದ ಪಾರ್ಟ್ರಿಜ್ ‘ಸೋಶಿಯೋಪಾತ್’ ಅಂದರು, ಸಮಾಜದ ಜೊತೆ ಹೊಂದಿಕೊಳ್ಳದೇ ಇರುವುದೇ ಇಲ್ಲಿ ಮುಖ್ಯ ಅನ್ನುವ ಅರ್ಥದಲ್ಲಿ. 1941ರಲ್ಲಿ ಹರ್ವಿ ಕ್ಲೆಕ್ಲಿ ಎಂಬ ಅಮೆರಿಕದ ಮನೋವೈದ್ಯರು ಇವತ್ತು ಎಲ್ಲರ ಮನಸ್ಸಿನಲ್ಲಿರುವ ಚಿತ್ರ ಬರೆದರು. ಮಾತು ಚಂದ, ಬುದ್ಧಿ ಚುರುಕು, ಒಳಗೆ ಮಾತ್ರ ಪಶ್ಚಾತ್ತಾಪ ಇಲ್ಲ, ನಾಚಿಕೆ ಇಲ್ಲ, ಯಾರ ಮೇಲೂ ನಿಜವಾದ ಪ್ರೀತಿ ಇಲ್ಲ. ಅವರು ವಿವರಿಸಿದ ಎಷ್ಟೋ ಜನ ಕೊಲೆಗಾರರಲ್ಲ ಅನ್ನುವುದನ್ನು ಜನ ಮರೆತೇಬಿಟ್ಟಿದ್ದಾರೆ. ಸುಳ್ಳು ಚೆಕ್ಕು ಕೊಟ್ಟವರು, ಕೆಲಸ ಬಿಟ್ಟು ಓಡಿದವರು, ಮನೆಯವರ ದುಡ್ಡು ಕರಗಿಸಿದವರು ಅದರಲ್ಲಿದ್ದರು. ಇವತ್ತಿನ ವಿಡಿಯೋಗಳು ಹೇಳುವ ‘ಹುಟ್ಟಿನಿಂದ ಬಂದರೆ ಸೈಕೋಪಾತ್, ಬೆಳೆದ ವಾತಾವರಣದಿಂದ ಆದರೆ ಸೋಶಿಯೋಪಾತ್’ ಅನ್ನುವ ವಿಂಗಡಣೆಯನ್ನು ಕೆಲವು ತಜ್ಞರು ಬಳಸಿದ್ದು ಹೌದು. ಆದರೆ ಒಪಿಡಿಯಲ್ಲಿ ಎದುರು ಕೂತ ಮನುಷ್ಯನನ್ನು ಹಾಗೆ ಎರಡು ಡಬ್ಬಿಗೆ ಹಾಕಲು ಯಾವ ಪರೀಕ್ಷೆಯೂ ನಮ್ಮ ಹತ್ತಿರ ಇಲ್ಲ. ಆದ್ದರಿಂದ ನಿಮ್ಮ ಮೊದಲನೇ ಪ್ರಶ್ನೆಗೆ, ಇದಾ ಅದಾ ಅನ್ನುವುದಕ್ಕೆ, ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ‘ಸೈಕೋ’ ಅನ್ನುವ ಮಾತು. ಪತ್ರಿಕೆಗಳು ಸರಣಿ ಕೊಲೆಗಾರನೊಬ್ಬನನ್ನು ‘ಸೈಕೋ ಶಂಕರ’ ಅಂತ ಬರೆದು ಬರೆದು, 2013ರಲ್ಲಿ ಆತ ಪರಪ್ಪನ ಅಗ್ರಹಾರ ಜೈಲಿನಿಂದ ತಪ್ಪಿಸಿಕೊಂಡಾಗಲಂತೂ ಮನೆಮನೆಯಲ್ಲೂ ಆ ಪದ ಓಡಾಡಿತು. ಅದೇ ಪದವನ್ನು ಈಗ ಕಿವಿಯಲ್ಲಿ ದನಿ ಕೇಳಿಸುತ್ತದೆ ಅನ್ನುವ ಹುಡುಗನಿಗೂ, ಪದೇಪದೇ ಫೋನ್ ಮಾಡುವ ಗೆಳೆಯನಿಗೂ, ಲೆಕ್ಕದ ಮೇಷ್ಟ್ರಿಗೂ ಅಂಟಿಸುತ್ತಾರೆ. ದನಿ ಕೇಳಿಸುವುದು, ಯಾರೋ ವಿಷ ಹಾಕುತ್ತಿದ್ದಾರೆ ಅಂತ ನಂಬುವುದು ಸೈಕೋಸಿಸ್. ಅದು ಮಿದುಳಿನ ಕಾಯಿಲೆ, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಆ ರೋಗಿಗಳು ಬೇರೆಯವರಿಗೆ ಹೊಡೆಯುವುದಕ್ಕಿಂತ ಬೇರೆಯವರಿಂದ ಹೊಡೆಸಿಕೊಳ್ಳುವುದೇ ಜಾಸ್ತಿ. ಸೈಕೋಪಾತ್ ಅನ್ನಿಸಿಕೊಳ್ಳುವವನಿಗೆ ವಾಸ್ತವದ ಅರಿವು ಪೂರ್ತಿ ಇರುತ್ತದೆ, ತಾನು ಮಾಡುತ್ತಿರುವುದು ಕಾನೂನಿಗೆ ವಿರುದ್ಧ ಅಂತಲೂ ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿಯೇ ‘ಬುದ್ಧಿ ಸ್ವಾಧೀನದಲ್ಲಿರಲಿಲ್ಲ’ ಅನ್ನುವ ಕಾನೂನಿನ ವಿನಾಯಿತಿ, ಹಳೆಯ ಐಪಿಸಿ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಇಂಥವರ ನೆರವಿಗೆ ಸಾಮಾನ್ಯವಾಗಿ ಬರುವುದಿಲ್ಲ. ಇನ್ನು ‘ನಾನು ಸ್ವಲ್ಪ ಆಂಟಿಸೋಶಿಯಲ್, ಮದುವೆ ಮನೆಗೆಲ್ಲ ಹೋಗಲ್ಲ’ ಅನ್ನುವ ಪಾಪದ ಜನ ಇದ್ದಾರಲ್ಲ, ಅವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅವರಿಗೆ ಜನರ ಗದ್ದಲ ಆಗುವುದಿಲ್ಲ, ಅಷ್ಟೇ.

ಸರಿ, ನಾವು ಈ ದೋಷ ಇದೆ ಅಂತ ಹೇಳುವುದು ಯಾವಾಗ? ಪದೇಪದೇ ಕಾನೂನು ಮುರಿಯುವುದು, ಸುಳ್ಳು ಮೋಸ, ಮುಂದಾಲೋಚನೆ ಇಲ್ಲದೇ ನುಗ್ಗುವುದು, ಸಿಡುಕು ಮತ್ತು ಹೊಡೆದಾಟ, ತನ್ನ ಜೀವದ ಬಗ್ಗೆಯೂ ಬೇರೆಯವರ ಜೀವದ ಬಗ್ಗೆಯೂ ಲೆಕ್ಕವಿಲ್ಲದಿರುವುದು, ಕೆಲಸ ಮತ್ತು ಸಾಲದ ವಿಷಯದಲ್ಲಿ ಜವಾಬ್ದಾರಿ ಇಲ್ಲದಿರುವುದು, ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲದಿರುವುದು. ಈ ಏಳರಲ್ಲಿ ಕನಿಷ್ಠ ಮೂರು 15 ವರ್ಷದಿಂದಲೇ ಇರಬೇಕು. ವಯಸ್ಸು 18 ದಾಟಿರಬೇಕು. ಜೊತೆಗೆ, ವಿಡಿಯೋಗಳು ನುಂಗಿಹಾಕುವ ಇನ್ನೊಂದು ಷರತ್ತು ಇದೆ. 15 ವರ್ಷ ತುಂಬುವ ಮೊದಲೇ ಆ ಹುಡುಗನಲ್ಲಿ ಗಂಭೀರವಾದ ನಡತೆಯ ತೊಂದರೆ ಇದ್ದದ್ದಕ್ಕೆ ಸಾಕ್ಷ್ಯ ಬೇಕು. 35ನೇ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿಕೊಳ್ಳುವ ದೋಷ ಇದಲ್ಲ.

ಅದಕ್ಕೇ ನಿಮ್ಮ ಅತ್ತೆಯ ‘ತರಲೆ’ ಅನ್ನುವ ಮಾತಿನ ಮೇಲೆ ಎಲ್ಲ ನಿಂತಿದೆ. ಅವರು ನನ್ನ ಮುಂದೆ ಕೂತಿದ್ದರೆ ನಾನು ಒಂದೊಂದಾಗಿ ಕೇಳುತ್ತಿದ್ದೆ. ಎಷ್ಟು ಶಾಲೆ ಬದಲಾಯಿಸಿದಿರಿ, ಯಾಕೆ? ಹೇಳದೇ ಕೇಳದೇ ರಾತ್ರಿಯಿಡೀ ಮನೆಯಿಂದ ಹೊರಗಿದ್ದನಾ? ಅಂಗಡಿಯಲ್ಲಿ ಕದ್ದದ್ದು ಉಂಟಾ? ಜಗಳದಲ್ಲಿ ಕಲ್ಲು, ಚಾಕು ಎತ್ತಿದ್ದಾನಾ? ಚಿಕ್ಕ ಮಕ್ಕಳನ್ನು, ಪ್ರಾಣಿಗಳನ್ನು ಹಿಂಸಿಸಿ ಖುಷಿ ಪಟ್ಟನಾ? ಪೆಟ್ಟು ತಿಂದವರ ಬಗ್ಗೆ ಆಮೇಲೆ ಏನಾದರೂ ಅಂದನಾ? ಮಾವಿನಕಾಯಿ ಕದ್ದದ್ದು, ಟ್ಯೂಷನ್ ತಪ್ಪಿಸಿ ಸಿನಿಮಾಕ್ಕೆ ಹೋದದ್ದು ತರಲೆ. ಅಮ್ಮಂದಿರು ಎರಡಕ್ಕೂ ಅದೇ ಪದ ಬಳಸುತ್ತಾರೆ, ಮಗನ ಮೇಲಿನ ಪ್ರೀತಿಯಿಂದ ದೊಡ್ಡದನ್ನೂ ಚಿಕ್ಕದು ಮಾಡಿ ಹೇಳುತ್ತಾರೆ. ಸೊಸೆಯ ಬಾಯಿ ಮುಚ್ಚಿಸಲು ಚಿಕ್ಕದನ್ನು ದೊಡ್ಡದು ಮಾಡುವುದೂ ಉಂಟು.

ನಿಮ್ಮ 40ಕ್ಕೆ 34ರ ಬಗ್ಗೆ. ಆ 40 ಎಲ್ಲಿಂದ ಬಂತು ಅಂದರೆ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಪಟ್ಟಿಯಿಂದ. ಅದರಲ್ಲಿ 20 ಅಂಶ, ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30 ದಾಟಿದರೆ ಸೈಕೋಪಾತ್ ಅನ್ನುತ್ತಾರೆ, ಯೂರೋಪಿನ ಕೆಲವು ಕಡೆ 25ಕ್ಕೇ ಗೆರೆ ಎಳೆಯುತ್ತಾರೆ. ಗೆರೆಯೇ ದೇಶದಿಂದ ದೇಶಕ್ಕೆ ಜಾರುತ್ತದೆ ಅಂದಮೇಲೆ ಅದು ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯಂಥದ್ದಲ್ಲ ಅನ್ನುವುದು ಗೊತ್ತಾಗುತ್ತದಲ್ವಾ? ಆ ಪಟ್ಟಿ ಹುಟ್ಟಿದ್ದು ಜೈಲಿನ ಕೈದಿಗಳಿಗಾಗಿ. ತರಬೇತಿ ಪಡೆದವರು ಗಂಟೆಗಟ್ಟಲೆ ಮಾತಾಡಿಸಿ, ಆತ ಹೇಳಿದ್ದನ್ನು ಪೊಲೀಸ್, ಕೋರ್ಟ್, ಶಾಲೆಯ ದಾಖಲೆಗಳ ಜೊತೆ ತಾಳೆ ನೋಡಿ ಅಂಕ ಹಾಕಬೇಕು. ‘ಪಶ್ಚಾತ್ತಾಪ ಇದೆಯಾ’ ಅನ್ನುವ ಒಂದೇ ಅಂಶಕ್ಕೆ ಅಂಕ ಹಾಕುವಾಗಲೂ ಇಬ್ಬರು ತಜ್ಞರಲ್ಲಿ ಒಮ್ಮತ ಬಾರದೇ ಇರಬಹುದು. ನೀವು ಹೊಡೆತ ತಿಂದವರು. ಆ ನೋವಿನಲ್ಲಿ ಕೂತು ಅವರ ಪರವಾಗಿ ತುಂಬಿದರೆ 34 ಬಾರದೇ ಇನ್ನೆಷ್ಟು ಬರಬೇಕು! ನೀವು ಸುಳ್ಳು ತುಂಬಿದಿರಿ ಅಂತ ನಾನು ಹೇಳುತ್ತಿಲ್ಲ. ಆ ಸಂಖ್ಯೆ ನಿಮ್ಮ ಸಂಕಟವನ್ನು ಅಳೆದಿದೆ, ಅವರ ವ್ಯಕ್ತಿತ್ವವನ್ನಲ್ಲ.

ನಾನೂ ಪತ್ರ ಓದಿ ಅವರಿಗೆ ಕಾಯಿಲೆ ಇದೆ ಅಂತಲೋ ಇಲ್ಲ ಅಂತಲೋ ಹೇಳಲಾರೆ. ನೋಡದ ಮನುಷ್ಯನಿಗೆ ಹೆಸರು ಕಟ್ಟಬಾರದು. ಆದರೆ ಪತ್ರದಲ್ಲಿರುವುದನ್ನು ಇಟ್ಟುಕೊಂಡು ಒಂದು ಮಾತು ಹೇಳಬಹುದು. ‘ಮೊದಲು ಇಷ್ಟಿರಲಿಲ್ಲ, ರಮ್ಮಿ ಮತ್ತು ಕುಡಿತ ಶುರುವಾದ ಮೇಲೆ ಜಾಸ್ತಿಯಾಯಿತು’ ಅಂತ ನೀವೇ ಬರೆದಿದ್ದೀರಿ. ಜೂಜಿನ ಚಟ ಹತ್ತಿದವನು ಹೆಂಡತಿಯ ಸಹಿ ಹಾಕುತ್ತಾನೆ, ಒಡವೆ ಅಡ ಇಡುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾನೆ. ಹೊರಗಿನಿಂದ ನೋಡಿದರೆ ಥೇಟ್ ವಿಡಿಯೋದಲ್ಲಿ ತೋರಿಸಿದ ಹಾಗೇ. 2025ರ ಕೇಂದ್ರ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ ನಿಜ, ಆದರೆ ಚಟ ಇದ್ದವನು ಬೇರೆ ದಾರಿ ಹುಡುಕುತ್ತಾನೆ. ಅದರ ಜೊತೆ ಬೈಪೋಲಾರ್ ಕಾಯಿಲೆ ಇದೆಯಾ, ಅಂದರೆ ಕೆಲವು ವಾರ ನಿದ್ದೆಯಿಲ್ಲದೇ, ದುಡ್ಡು ಚೆಲ್ಲುತ್ತಾ, ಸಿಡಿಮಿಡಿ ಅನ್ನುತ್ತಾ ಇದ್ದು ಮತ್ತೆ ಸರಿಹೋಗುತ್ತಾರಾ, ತಲೆಗೆ ಪೆಟ್ಟು ಬಿದ್ದ ಅಪಘಾತ ಏನಾದರೂ ಆಗಿತ್ತಾ, ಇವನ್ನೂ ನೋಡಬೇಕು. ಹಣೆಯ ಹಿಂದಿನ ಮಿದುಳಿಗೆ ಏಟಾದರೆ ಸೌಮ್ಯ ಮನುಷ್ಯ ಒರಟನಾಗುವುದುಂಟು. ಇವೆಲ್ಲ ಬೇರೆಬೇರೆ ಚಿಕಿತ್ಸೆಗಳು ಇರುವ ಬೇರೆಬೇರೆ ತೊಂದರೆಗಳು.

ಮತ್ತೆ ಕೆಲವರು ಒಪ್ಪಿಕೊಳ್ಳಲು ಕಷ್ಟಪಡುವ ಸಾಧ್ಯತೆಯೂ ಇದೆ, ಏನೂ ಕಾಯಿಲೆ ಇಲ್ಲದಿರುವುದು. ಹೊರಗೆ ಒಳ್ಳೆಯವನು, ಮನೆಯಲ್ಲಿ ಹೊಡೆಯುವವನು ಅಂದರೆ ಅದು ವಿಶೇಷ ಲಕ್ಷಣ ಅಂತ ಜನ ಭಾವಿಸುತ್ತಾರೆ. ನನಗಂತೂ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆಫೀಸಿನ ಸಾಹೇಬರ ಮೇಲೆ ಕೈ ಎತ್ತದವನು, ಸಾಲ ವಸೂಲಿಗೆ ಬಂದವನ ಮುಂದೆ ಕೈ ಮುಗಿಯುವವನು, ಹೆಂಡತಿಯ ಮೇಲೆ ಮಾತ್ರ ಕೈ ಎತ್ತುತ್ತಾನೆ ಅಂದರೆ ಅವನಿಗೆ ಕೈ ತಡೆಯುವುದು ಗೊತ್ತು. ಹೆಂಡತಿಗೆ ಹೊಡೆಯುವ ಬಹುತೇಕ ಗಂಡಸರಿಗೆ ನಾವು ಹೆಸರಿಡಬಹುದಾದ ಯಾವ ವ್ಯಕ್ತಿತ್ವ ದೋಷವೂ ಇರುವುದಿಲ್ಲ. ಹೊಡೆದರೆ ಏನೂ ಆಗುವುದಿಲ್ಲ ಅಂತ ಕಲಿತಿರುತ್ತಾರೆ. ‘ಸೈಕೋಪಾತ್’ ಅಂತ ಕರೆದರೆ ಅವರಿಗೇ ಒಂದು ನೆಪ ಸಿಕ್ಕ ಹಾಗೆ.

ಸಮಾಜವಿರೋಧಿ ವ್ಯಕ್ತಿತ್ವ ದೋಷ ಅಪರೂಪವೇನಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5 ಬೇರೆಬೇರೆ ಸಮೀಕ್ಷೆಗಳನ್ನು ಇಟ್ಟುಕೊಂಡು ಶೇ. 0.2ರಿಂದ 3.3 ಅನ್ನುತ್ತದೆ. ಗಂಡಸರಲ್ಲಿ ಜಾಸ್ತಿ. 12 ದೇಶಗಳ ಸುಮಾರು 23 ಸಾವಿರ ಕೈದಿಗಳ ಸಮೀಕ್ಷೆಗಳನ್ನು ಒಟ್ಟು ಮಾಡಿ 2002ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಗಂಡಸು ಕೈದಿಗಳ ಪೈಕಿ ಶೇ. 47 ಜನರಲ್ಲಿ ಈ ದೋಷ ಕಂಡಿತ್ತು. ಹೇರ್ ಪಟ್ಟಿಯ ಗೆರೆ ದಾಟುವವರು ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಎರಡೂ ಒಂದೇ ಅಲ್ಲ. ಒಂದು ಮುಖ್ಯವಾಗಿ ನಡತೆಯನ್ನು ನೋಡುತ್ತದೆ, ಇನ್ನೊಂದು ಅದರ ಜೊತೆಗೆ ಒಳಗಿನ ಭಾವನೆಯ ಬರವನ್ನೂ ನೋಡುತ್ತದೆ. ಕಾರಣಗಳ ಬಗ್ಗೆ ಗ್ರಹಗತಿ, ಮುದ್ದು ಮಾಡಿ ಕೆಡಿಸಿದ್ದು ಅಂತೆಲ್ಲ ಹೇಳುತ್ತಾರೆ. ಅವಳಿಗಳ, ದತ್ತು ಮಕ್ಕಳ ಅಧ್ಯಯನಗಳು ಹೇಳುವುದು ಇಷ್ಟು: ಹುಟ್ಟಿನಿಂದ ಬರುವ ಪಾಲು ಹೆಚ್ಚುಕಡಿಮೆ ಅರ್ಧದ ಹತ್ತಿರ, ಉಳಿದದ್ದು ಬೆಳೆಯುವಾಗ ಸಿಕ್ಕಿದ್ದು, ಸಿಗದೇ ಹೋದದ್ದು. ಬಾಲ್ಯದ ಹೊಡೆತ, ಕಡೆಗಣನೆ, ಕುಡುಕ ತಂದೆ ತಾಯಿ, ಇವು ಮತ್ತೆಮತ್ತೆ ಕಾಣುವ ಕಾರಣಗಳು.

ಎರಡನೇ ಪ್ರಶ್ನೆ, ಊಟದಲ್ಲಿ ಹಾಕುವ ಮಾತ್ರೆ. ಇದನ್ನು ಕೇಳದ ಹೆಂಡತಿಯರೇ ಇಲ್ಲ ಅನ್ನಬಹುದು, ನಾಚಿಕೊಳ್ಳಬೇಡಿ. ನನ್ನ ಉತ್ತರ ಮಾತ್ರ ‘ಇಲ್ಲ’ ಅಂತಲೇ. ಈ ವ್ಯಕ್ತಿತ್ವ ದೋಷಕ್ಕೆ ಅಂತಲೇ ಇರುವ ಮಾತ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಕುಡಿತ ಬಿಡಿಸುವ ಪುಡಿ ಅಂತ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರಲ್ಲ, ಹೆಸರಿಲ್ಲ, ತಾರೀಕಿಲ್ಲ, ಅದರಲ್ಲಿ ಕೆಲವೊಮ್ಮೆ ಡೈಸಲ್ಫಿರಾಂ ಇರುತ್ತದೆ. ಅದು ನಾವೂ ಕೊಡುವ ಔಷಧಿಯೇ, ಆದರೆ ರೋಗಿಗೆ ತಿಳಿಸಿ, ರಕ್ತ ಮತ್ತು ಹೃದಯ ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಸಾಯಲೂಬಹುದು. ಗೊತ್ತಿಲ್ಲದೇ ತಿಂದವನು ಕುಡಿಯದೇ ಬಿಡುತ್ತಾನಾ? ಸಾಂಬಾರಿಗೆ ನೀವು ಹಾಕಿದ್ದು ಅಂತ ಆಮೇಲೆ ಪೊಲೀಸರ ಮುಂದೆ ನಿಲ್ಲಬೇಕಾದವರೂ ನೀವೇ. ಹಾಗೇ ರಾತ್ರಿ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ ವ್ಯಸನಮುಕ್ತಿ ಕೇಂದ್ರಗಳ ಹತ್ತಿರ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಒಪ್ಪುವುದಿಲ್ಲ, ಮನೆಗೆ ವಾಪಸು ಬಂದ ಮೇಲೆ ಸಿಟ್ಟು ತೀರಿಸಿಕೊಳ್ಳುವುದೂ ನಿಮ್ಮ ಮೇಲೆಯೇ.

ಹಾಗಾದರೆ ಚಿಕಿತ್ಸೆಯೇ ಇಲ್ಲವಾ ಅಂದರೆ, ಇದೆ. ಆದರೆ ಅದು ಅವರ ಕುಡಿತಕ್ಕೆ, ಜೂಜಿಗೆ, ಒಳಗೆ ಖಿನ್ನತೆ ಇದ್ದರೆ ಅದಕ್ಕೆ. ಅದಷ್ಟು ಹತೋಟಿಗೆ ಬಂದರೆ ಎಷ್ಟೋ ಮನೆಗಳಲ್ಲಿ ಅರ್ಧ ಹಿಂಸೆ ಇಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಇದೆ, ಮೊಬೈಲು ಆಟಗಳ ಗೀಳಿಗೆ ಬೇರೆ ಕ್ಲಿನಿಕ್ ಇದೆ. ಹತ್ತಿರದ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಮೊದಲ ಮಾತಿಗೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ‘ನಿಮಗೆ ಹುಚ್ಚು, ಡಾಕ್ಟರ ಹತ್ತಿರ ನಡೀರಿ’ ಅಂದರೆ ಯಾರೂ ಬರುವುದಿಲ್ಲ. ‘ನಿದ್ದೆ ಸರಿಯಿಲ್ಲ, ಸಾಲದ ಟೆನ್ಶನ್ ಜಾಸ್ತಿಯಾಗಿದೆ, ಒಮ್ಮೆ ತೋರಿಸಿ’ ಅಂದರೆ ಬರಬಹುದು. ಅದನ್ನೂ ನೀವು ಹೇಳುವುದಕ್ಕಿಂತ ಅವರು ಮರ್ಯಾದೆ ಕೊಡುವ ಯಾರಾದರೂ ಹೇಳಿದರೆ ಒಳ್ಳೆಯದು. ಬಾರದೇ ಇದ್ದರೆ ಅದು ನಿಮ್ಮ ಸೋಲಲ್ಲ. ಮತ್ತೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾಡುವ ಕೌನ್ಸೆಲಿಂಗ್ ಈಗ ಬೇಡ. ಕುತ್ತಿಗೆ ಹಿಡಿದವರ ಪಕ್ಕ ಕೂತು ನೀವು ಸತ್ಯ ಹೇಳಿದರೆ ಅದರ ಬೆಲೆ ಮನೆಗೆ ಹೋದಮೇಲೆ ತೆರಬೇಕಾಗುತ್ತದೆ. ವಯಸ್ಸಾದ ಮೇಲೆ ಸರಿಹೋಗ್ತಾರೆ ಅಂತ ಹಿರಿಯರು ಹೇಳುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯ ಇದೆ. 40 ದಾಟಿದ ಮೇಲೆ ಕಳ್ಳತನ, ಹೊಡೆದಾಟ ಕಡಿಮೆಯಾಗುವುದನ್ನು ನೋಡಿದ್ದೇವೆ. ಮನೆಯವರ ಜೊತೆಗಿನ ನಡವಳಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ಅದನ್ನು ನಂಬಿಕೊಂಡು ಕಾಯಿರಿ ಅಂತ ನಾನು ಹೇಳಲಾರೆ.

ಸರ್ಟಿಫಿಕೇಟ್ ಬಗ್ಗೆ. ನಿಮ್ಮ ವಕೀಲರು ಗಾಳಿಯಲ್ಲಿ ಹೇಳಿದ್ದಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ‘ಸೈಕೋಪಥಿಕ್ ಡಿಸಾರ್ಡರ್’ ಅನ್ನುವ ಪದ ನಿಜವಾಗಿಯೂ ಇದೆ. ಅಸಹಜವಾಗಿ ಆಕ್ರಮಣಕಾರಿಯಾದ ಇಲ್ಲವೇ ಗಂಭೀರವಾಗಿ ಬೇಜವಾಬ್ದಾರಿಯಾದ ನಡತೆಗೆ ದಾರಿಮಾಡುವ, ಬಿಡದೇ ಇರುವ ಮಾನಸಿಕ ದೋಷ ಅಂತ ವಿವರಣೆ. ಇಂಗ್ಲೆಂಡಿನ 1959ರ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು. ಅವರು 2007ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು, ನಮ್ಮಲ್ಲಿ ಉಳಿದಿದೆ. ಆದರೆ ಕಾಯಿಲೆಯ ಹೆಸರು ತೋರಿಸಿದ ಮಾತ್ರಕ್ಕೆ ಡೈವೋರ್ಸ್ ಸಿಗುವುದಿಲ್ಲ. ಮಾನಸಿಕ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಕೇಳಿದ ಒಂದು ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು, ಕಾಯಿಲೆ ಎಷ್ಟರಮಟ್ಟಿಗೆ ಇದೆ, ಜೊತೆಗೆ ಬಾಳುವುದು ಅಸಾಧ್ಯವಾಗುವಷ್ಟಿದೆಯಾ ಅನ್ನುವುದನ್ನು ನೋಡಬೇಕು ಅಂತ ಸ್ಪಷ್ಟವಾಗಿ ಹೇಳಿತು. ಅದನ್ನು ಸಾಬೀತು ಮಾಡಬೇಕಾದವರು ನೀವು. ನಿಮ್ಮ ಗಂಡನ ಪರೀಕ್ಷೆ ಆಗಬೇಕು, ಆದರೂ ಅವರ ಕಡೆಯ ಡಾಕ್ಟರು ಬೇರೆ ಹೇಳಬಹುದು, ವರ್ಷಗಟ್ಟಲೆ ಎಳೆಯಬಹುದು. ನೋಡದ ರೋಗಿಗೆ ಚೀಟಿ ಬರೆದುಕೊಡುವ ಡಾಕ್ಟರು ಸಿಕ್ಕರೂ ಪಾಟೀಸವಾಲಿನಲ್ಲಿ ಆ ಚೀಟಿ ನಿಲ್ಲುವುದಿಲ್ಲ, ನಿಮ್ಮ ಇಡೀ ಕೇಸನ್ನೇ ಕೆಳಗೆ ಎಳೆಯುತ್ತದೆ. ಅದೇ ಕಾಯ್ದೆಯಲ್ಲಿ ಕ್ರೌರ್ಯ ಅನ್ನುವ ಬೇರೆ ಕಾರಣವೂ ಇದೆ. ಅದಕ್ಕೆ ಡಾಕ್ಟರು ಬೇಡ, ನಡೆದದ್ದರ ಸಾಕ್ಷಿ ಬೇಕು. ನಾನು ವಕೀಲೆ ಅಲ್ಲ, ಆದ್ದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ಉಚಿತ ಸಹಾಯ ಸಿಗುತ್ತದೆ, ಫೋನ್ 15100.

ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಹೆಸರಲ್ಲಿ ಇನ್ನೆಷ್ಟು ಸಾಲ ಇದೆಯೋ ನಿಮಗೇ ಗೊತ್ತಿಲ್ಲ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ಥರದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ಸಾಲದ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ತೆಗೆಸಿ. ಸಹಿ ನಿಮ್ಮದಲ್ಲದ ಸಾಲ ಕಂಡರೆ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಹೊಡೆದ ದಿನ, ಗಾಯದ ಫೋಟೋ, ಅಡದ ಚೀಟಿ, ಮೆಸೇಜುಗಳು ಎಲ್ಲದರ ಪ್ರತಿ ನಿಮ್ಮ ತಮ್ಮನ ಫೋನಿನಲ್ಲಿರಲಿ. ‘ನೀನೇ ಕೊಟ್ಟೆಯಲ್ಲ’ ಅಂತ ಅವರು ಹೇಳಿದಾಗ ನಿಮ್ಮ ತಲೆ ನೆಟ್ಟಗಿದೆ ಅಂತ ನಿಮಗೆ ನೀವೇ ತೋರಿಸಿಕೊಳ್ಳಲಿಕ್ಕೂ ಅದು ಬೇಕು.

ಕೊನೆಗೆ ಮಗ. ಹತ್ತು ವರ್ಷದ ಮಗುವಿಗೆ ಸೈಕೋಪಾತ್ ಅನ್ನುವ ಪದವನ್ನು ಯಾವ ಡಾಕ್ಟರೂ ಬಳಸುವುದಿಲ್ಲ, 18ರ ತನಕ ಆ ದೋಷವನ್ನು ಹೇಳುವ ಹಾಗೇ ಇಲ್ಲ. ನಡತೆಯ ತೊಂದರೆ ತೀವ್ರವಾಗಿದ್ದ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೆ ಆಗಲಿಲ್ಲ. ಪ್ರಾಣಿ ಹಿಂಸೆ, ಬೆಂಕಿ ಹಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಈ ಮೂರೂ ಸೇರಿದರೆ ಮುಂದೆ ಕೊಲೆಗಾರ ಅನ್ನುವ ಮಾತನ್ನು ನೀವೂ ವಿಡಿಯೋದಲ್ಲಿ ಕೇಳಿರಬಹುದು. ಅದು 1963ರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬುವರ ಬರಹದಿಂದ ಶುರುವಾದದ್ದು, ಆಮೇಲಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ.

ಹಾಗಂತ ನಾಯಿಮರಿಯ ವಿಷಯ ಏನೂ ಅಲ್ಲ ಅಂತ ತಳ್ಳಿಹಾಕಲಾರೆ. ಓಣಿಯ ಹುಡುಗರೆಲ್ಲ ಸೇರಿ ಮಾಡಿದ್ದಾ, ಒಬ್ಬನೇ ಕದ್ದು ಮಾಡಿದ್ದಾ? ಮರಿ ಕಿರುಚಿದಾಗ ಹೆದರಿದನಾ, ನಕ್ಕನಾ, ಮತ್ತೆ ಮಾಡಿದನಾ? ಕದ್ದ ದುಡ್ಡಿನಲ್ಲಿ ಏನು ಕೊಂಡ? ಸುಳ್ಳು ಹೇಳುವುದು ಹೊಡೆತದ ಭಯಕ್ಕಾ? ಅಪ್ಪ ಅಮ್ಮನ ಕುತ್ತಿಗೆ ಹಿಡಿದ ರಾತ್ರಿ ಅವನು ಎಲ್ಲಿದ್ದ? ಹಿಂಸೆ ನೋಡುತ್ತಾ ಬೆಳೆಯುವ ಮಗು ಬೇರೆಯವರ ಮೇಲೆ ಅದನ್ನು ಪ್ರಯೋಗ ಮಾಡಿ ನೋಡುವುದು, ಕದಿಯುವುದು, ರಾತ್ರಿ ಬೆಚ್ಚಿಬೀಳುವುದು ಎಲ್ಲ ನಾವು ದಿನಾ ನೋಡುವಂಥದ್ದು. ಕೂತಲ್ಲಿ ಕೂರದ, ಓದಿನಲ್ಲಿ ಹಿಂದೆ ಬಿದ್ದ ಹುಡುಗನಾದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಡಪಡಿಕೆಯ ತೊಂದರೆ, ಅದನ್ನೂ ನೋಡಬೇಕು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ತಂದೆ ತಾಯಿಗೆ ಕೊಡುವ ತರಬೇತಿ. ಹೆಸರು ದೊಡ್ಡದು, ವಿಷಯ ಸಣ್ಣದು. ಒಳ್ಳೆಯದು ಮಾಡಿದ ತಕ್ಷಣ ಗಮನಿಸಿ ಹೇಳುವುದು, ತಪ್ಪಿಗೆ ಮೊದಲೇ ಗೊತ್ತು ಮಾಡಿದ ಚಿಕ್ಕ ಶಿಕ್ಷೆ, ಅದನ್ನು ಪ್ರತಿ ಸಲವೂ ಒಂದೇ ಥರ ಕೊಡುವುದು, ಹೊಡೆಯದಿರುವುದು. ನೀವೊಬ್ಬರೇ ಮಾಡಿದರೂ ಪರಿಣಾಮ ಕಾಣುತ್ತದೆ. ‘ನೀನೂ ಅಪ್ಪನ ಹಾಗೇ’ ಅನ್ನುವ ಮಾತು ಮಾತ್ರ ಸಿಟ್ಟಿನಲ್ಲೂ ಬೇಡ, ನಿಮ್ಮ ತಮ್ಮನಿಗೂ ಇದನ್ನು ಹೇಳಿ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ತುಮಕೂರಿಗೆ ದೂರವಲ್ಲ. ಬರುವಾಗ ಎರಡು ವರ್ಷದ ಶಾಲೆಯ ಪ್ರೋಗ್ರೆಸ್ ಕಾರ್ಡು, ಒಂದೆರಡು ನೋಟ್‌ಬುಕ್ಕು, ಸಾಧ್ಯವಾದರೆ ಕ್ಲಾಸ್ ಟೀಚರ್ ಬರೆದ ಒಂದು ಪುಟ ತನ್ನಿ. ಮಗನ ಎದುರಿಗೇ ಅವನ ಕಳ್ಳತನದ ಪಟ್ಟಿ ಓದಬೇಡಿ, ನಿಮ್ಮನ್ನು ಬೇರೆಯಾಗಿ ಕೂರಿಸಿ ಮಾತಾಡಲು ಡಾಕ್ಟರಿಗೆ ಹೇಳಿ. ಮನೆಯ ಹೊಡೆತದ ವಿಷಯವನ್ನು ಮುಚ್ಚಿಡದೇ ಮೊದಲನೇ ಭೇಟಿಯಲ್ಲೇ ತಿಳಿಸಿ.